ಎಡವಟ್ಟಪ್ಪನ ಕೈ

ಅಳಿಯ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಇನ್ನು ಮುಂದೆ ಅವನನ್ನು ಹೊಗಳುವ ಸಂದರ್ಭ ಸಿಗುವುದು ಕಷ್ಟ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಉಂಡ ತಟ್ಟೆ ತಾನೇ ತೊಳೆದಿಡುತ್ತಾನೆ, ಅತ್ತೆ ಬಂದರೆ ಕುರ್ಚಿ ಬಿಟ್ಟೇಳುತ್ತಾನೆ. ಅಂಥವನು ಅತ್ತೆಗೆ ಅರವತ್ತು ತುಂಬಿದ ಭಾನುವಾರ ಮಧ್ಯಾಹ್ನ, ಕಿಟಕಿಯ ಪರದೆಗಳನ್ನೆಲ್ಲ ಎಳೆದು, ದೊಡ್ಡ ಟೀವಿಯ ಮುಂದೆ ಆಕೆಯನ್ನು ಕೂರಿಸಿ, ಆಕೆಯ ಗಂಡನನ್ನು ಎರಡನೇ ಸಲ ಸಾಯಿಸಿದ.

ಬೇಕೆಂದು ಮಾಡಿದ್ದಲ್ಲ. ಮೈ ಉರಿಯುವುದು ಅದಕ್ಕೇ. ಬೇಕೆಂದು ಮಾಡಿದವನಾಗಿದ್ದರೆ ಎರಡು ಬಿಗಿದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಮೂರು ತಿಂಗಳ ರಜೆಯನ್ನೆಲ್ಲ ಸುರಿದು, ಹೆಂಡತಿಗೂ ಹೇಳದೆ, ಗುಟ್ಟಾಗಿ, ಉಡುಗೊರೆ ಅಂತ ಮಾಡಿದವನನ್ನು ಏನು ಮಾಡುತ್ತೀರಿ?

ಆಕೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಲಾಂಡ್ರಿ ಇಟ್ಟವಳು. ಯಾವ ಕಲೆ ಯಾವುದರಿಂದ ಹೋಗುತ್ತದೆ ಅನ್ನುವುದು ಆಕೆಗೆ ಬಾಯಿಪಾಠ. ಮೂವತ್ತು ವರ್ಷದ ಹಿಂದೆ ಮಾತ್ರ ಆಕೆಗೆ ಇನ್ನೊಂದು ಕಸುಬಿತ್ತು, ಅದು ಇದರ ತದ್ವಿರುದ್ಧ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಮಂದವಾಗಲು ಕಾರ್ನ್‌ಫ್ಲೋರು, ಒಂದು ಚಿಟಿಕೆ ಕೋಕೋ ಪುಡಿ. ಹೊಸ ಗಾಯಕ್ಕೆ ಕೋಕೋ ಕಡಿಮೆ, ಹಳೆಯ ಗಾಯಕ್ಕೆ ಜಾಸ್ತಿ. ಹನ್ನೆರಡು ದೆವ್ವದ ಸಿನಿಮಾಗಳಲ್ಲಿ ಹರಿದ ಅಷ್ಟೂ ರಕ್ತ ಆಕೆಯ ಅಡುಗೆಮನೆಯಲ್ಲಿ ಕುದಿದದ್ದು. ಹಾಗಾಗಿ ಅಲ್ಲಿ ಎಲ್ಲರಿಗೂ ಆಕೆ ನೆತ್ತರಕ್ಕ.

ಆ ಸಿನಿಮಾಗಳು ಥಿಯೇಟರಿನ ಮುಖ ಕಂಡವಲ್ಲ. ಕ್ಯಾಸೆಟ್ಟಿನಲ್ಲೇ ಹುಟ್ಟಿ ಕ್ಯಾಸೆಟ್ಟಿನಲ್ಲೇ ಮುಗಿದವು. ಮದುವೆ ವಿಡಿಯೋ ತೆಗೆಯುತ್ತಿದ್ದವನೊಬ್ಬ, ಮದುವೆಗಳಿಲ್ಲದ ತಿಂಗಳಲ್ಲಿ ಕ್ಯಾಮೆರಾ ಸುಮ್ಮನೆ ಕೂತಿರುತ್ತದಲ್ಲ ಅಂತ, ಲಾಂಡ್ರಿಯ ಎದುರಿನ ಖಾಲಿ ಮನೆಯನ್ನು ಹತ್ತು ದಿನಕ್ಕೆ ಹಿಡಿದು ಮೊದಲನೆಯದನ್ನು ತೆಗೆದ. ಅವನೇ ಡೈರೆಕ್ಟರು. ಮೂರು ಕೋಣೆಯ ಮನೆ ಒಂದೇ. ಪ್ರತಿ ಸಿನಿಮಾಕ್ಕೂ ಗೋಡೆಗೆ ಬೇರೆ ಬಣ್ಣ ಬಳಿದರೆ ಬೇರೆ ಬಂಗಲೆ. ಕಿಟಕಿಗೆ ಕಂಬಳಿ ಹೊಡೆದರೆ ಹಗಲು ಹನ್ನೊಂದು ಗಂಟೆಗೇ ಅಮಾವಾಸ್ಯೆ. ಮಂಜು ಬೇಕಾದರೆ ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ನೀರು ಚಿಮುಕಿಸುವುದು. ದೆವ್ವದ ಬಿಳಿ ಬಟ್ಟೆ ಅಂದರೆ ಲಾಂಡ್ರಿಗೆ ಬಂದ ಗಿರಾಕಿಗಳ ಹೊದಿಕೆ. ಒಬ್ಬ ಗಿರಾಕಿ ಕ್ಯಾಸೆಟ್ಟು ನೋಡಿ, ದೆವ್ವದ ಬೆನ್ನಿನ ಮೇಲೆ ತನ್ನ ಲಾಂಡ್ರಿ ಗುರುತು ಕಂಡು, ಮಾರನೇ ದಿನ ಬಂದು ಜಗಳ ತೆಗೆದಿದ್ದ. ಜಗಳವಾಡಿ ಸುಸ್ತಾದ ಮೇಲೆ, ಮುಂದಿನದು ಯಾವಾಗ ಬರುತ್ತೆ ಅಂತ ಕೇಳಿಕೊಂಡು ಹೋಗಿದ್ದ.

ನಗಬೇಡಿ. ಅಥವಾ ನಗಿ, ಅದಕ್ಕೇ ಅವು ಇದ್ದದ್ದು. ಜನ ಕ್ಯಾಸೆಟ್ ಅಂಗಡಿಯಿಂದ ಎರಡು ಗಂಭೀರ ಸಿನಿಮಾ ಒಯ್ಯುವಾಗ, ಕೌಂಟರಿನ ಮೂಲೆಯಿಂದ ಇದೊಂದನ್ನು ಮೇಲಿಟ್ಟುಕೊಂಡು ಹೋಗುತ್ತಿದ್ದರು. ಗಂಭೀರವಾದವು ಹಾಗೇ ವಾಪಸ್ಸು ಬರುತ್ತಿದ್ದವು, ಇದನ್ನು ಮಾತ್ರ ಮನೆಮಂದಿಯೆಲ್ಲ ಎರಡು ಸಲ ನೋಡಿರುತ್ತಿದ್ದರು. ಬಾವಲಿಗೆ ಕಟ್ಟಿದ ದಾರ ಕಾಣಬೇಕು, ಕಂಡವನು ಪಕ್ಕದವನ ತೊಡೆಗೆ ಹೊಡೆದು ತೋರಿಸಬೇಕು. ದೆವ್ವದ ಕೈಯಲ್ಲಿ ಗಡಿಯಾರ ಇರಬೇಕು. ಹೆದರಿಕೆಯಾಗಬೇಕು, ಆದದ್ದಕ್ಕೆ ನಾಚಿಕೆಯಾಗಬೇಕು, ನಾಚಿಕೆಗೆ ನಗು ಬರಬೇಕು. ಕೋಟಿಗಟ್ಟಲೆ ಸುರಿದು ಮಾಡುವವರಿಗೆ ಈ ಸುಖ ಕೊಡುವುದು ಬರುವುದಿಲ್ಲ. ಅವರು ದಾರ ಮುಚ್ಚುತ್ತಾರೆ.

ಇನ್ನು ನೆತ್ತರಕ್ಕನ ಗಂಡ. ಆತ ಬಾಗಿಲಿನವನು. ದೆವ್ವದ ಮನೆಯಲ್ಲಿ ಬಾಗಿಲು ತಾನೇ ತೆರೆದುಕೊಳ್ಳಬೇಕಲ್ಲ, ಅದನ್ನು ಹಿಂದೆ ನಿಂತು ತೆರೆಯುವುದು ಆತನ ಕೆಲಸ. ಕಿಟಕಿ ಬಡಿಯುವುದು, ಕುರ್ಚಿ ಜರುಗಿಸುವುದು, ಮಂಜು ಎಬ್ಬಿಸುವುದೂ ಆತನೇ. ಎಲ್ಲ ಸರಿಯಾಗಿ ಮಾಡುತ್ತಿದ್ದ, ಒಂದನ್ನು ಬಿಟ್ಟು. ಪ್ರತಿ ಸಿನಿಮಾದಲ್ಲೂ ಒಂದು ಸಲ, ಅದೂ ಸರಿಯಾಗಿ ದೆವ್ವ ಬರುವ ಹೊತ್ತಿಗೆ, ಬಾಗಿಲ ಸಂದಿಯಲ್ಲಿ ಆತನ ಕೈ ಕಂಡುಬಿಡುತ್ತಿತ್ತು. ಡೈರೆಕ್ಟರು ಆತನಿಗೆ ಎಡವಟ್ಟಪ್ಪ ಅಂತ ಹೆಸರಿಟ್ಟ. ಆ ಹೆಸರನ್ನು ಮೊದಲು ಹಿಡಿದುಕೊಂಡು ಕರೆದವಳು ನೆತ್ತರಕ್ಕನೇ.

ಆತ ಹೋಗಿ ನಾಲ್ಕು ವರ್ಷವಾಯಿತು. ಹೋದ ಮೇಲೆ ಆಕೆಗೆ ಒಂದು ಸಂಗತಿ ಹೊಳೆಯಿತು: ನಾಲ್ಕು ವರ್ಷ ಕ್ಯಾಮೆರಾದ ಜೊತೆಗೇ ಬದುಕಿದರೂ, ಒಬ್ಬರಾದರೂ ಅದನ್ನು ಆತನ ಕಡೆ ತಿರುಗಿಸಿರಲಿಲ್ಲ. ಮದುವೆಯ ಫೋಟೋ ಒಂದಿದೆ, ಗುರುತಿನ ಚೀಟಿಯದೊಂದಿದೆ, ಎರಡರಲ್ಲೂ ಆತ ಕಂಬದ ಹಾಗೆ ನಿಂತಿದ್ದಾನೆ. ಅಲುಗಾಡುವ ಗಂಡ ಬೇಕೆಂದರೆ ಎಲ್ಲಿದ್ದಾನೆ? ಹನ್ನೆರಡರಲ್ಲಿ ಆತ ಬಾಗಿಲು ತೆರೆದ ಎಂಟು ಕ್ಯಾಸೆಟ್ಟುಗಳಲ್ಲಿ, ಎಂಟು ಬಾಗಿಲ ಸಂದಿಗಳಲ್ಲಿ, ಒಂದೊಂದೂವರೆ ಸೆಕೆಂಡು.

ಹಾಗಾಗಿ ಭಾನುವಾರ ಲಾಂಡ್ರಿಯ ಷಟರು ಅರ್ಧ ಇಳಿಸಿ, ಹಳೆಯ ಪ್ಲೇಯರಿಗೆ ಕ್ಯಾಸೆಟ್ಟು ತುರುಕಿ, ಕೈ ಬರುವ ಜಾಗಕ್ಕೆ ನಿಲ್ಲಿಸಿಟ್ಟುಕೊಂಡು ಕೂರುತ್ತಿದ್ದಳು. ನಿಲ್ಲಿಸಿದರೆ ಚಿತ್ರದ ಮೇಲೆಲ್ಲ ಗೆರೆ ಓಡುತ್ತಿತ್ತು, ಕೈ ನಡುಗುತ್ತಿತ್ತು. ಮಣಿಕಟ್ಟಿನ ಹತ್ತಿರ ಒಂದು ಕೆಂಪು ಕಾಣುತ್ತಿತ್ತು. ಅದು ತಾನು ಕಲಸಿದ ನೆತ್ತರು ಮೆತ್ತಿದ್ದು ಅಂದುಕೊಂಡಿದ್ದಳು. ತನ್ನದೂ ಒಂದು ಗುರುತು ಆ ಕೈಮೇಲೆ ಉಳಿದಿದೆಯಲ್ಲ ಅಂತ ಒಳಗೊಳಗೇ ಖುಷಿ. ಇದನ್ನು ಯಾರಿಗೂ ಹೇಳಿರಲಿಲ್ಲ. ಮಗಳಿಗಂತೂ ಇಲ್ಲ. ಮಗಳು ಹತ್ತು ವರ್ಷದವಳಿದ್ದಾಗಲೇ ಆ ಸಿನಿಮಾ ನೋಡುವುದನ್ನು ಬಿಟ್ಟವಳು, ಟೀವಿ ಹಾಕಿದರೆ ಎದ್ದು ಹೋಗುತ್ತಿದ್ದಳು. ನಾಚಿಕೆ ಇರಬೇಕು ಅಂತ ತಾಯಿ ತೀರ್ಮಾನ ಮಾಡಿ ಮುಗಿಸಿದ್ದಳು.

ಕಳೆದ ವರ್ಷ ಪ್ಲೇಯರು ಕೆಟ್ಟಿತು. ರಿಪೇರಿಯವನು ನಕ್ಕು ಕಳಿಸಿದ. ಅಳಿಯ ಹಳೆಯ ವಿಡಿಯೋಗಳನ್ನು ಕಂಪ್ಯೂಟರಿಗೆ ಹಾಕುವ ಆಫೀಸಿನಲ್ಲೇ ಕೆಲಸಕ್ಕಿರುವುದು. "ಕೊಡಿ ಅತ್ತೆ, ಎಲ್ಲ ನಾನು ನೋಡ್ಕೋತೀನಿ" ಅಂದ. ಹನ್ನೆರಡು ಕ್ಯಾಸೆಟ್ಟನ್ನೂ ಒರೆಸಿ, ಬಟ್ಟೆಯ ಚೀಲದಲ್ಲಿ ಹಾಕಿ, ಚೀಲದ ಬಾಯಿ ಕಟ್ಟಿ ಕೊಟ್ಟವಳು ಆಕೆಯೇ. ಈಗ ಯಾರನ್ನು ಬೈಯುವುದು?

ಆ ಭಾನುವಾರ ಅಳಿಯನ ಮನೆಯ ಸೋಫಾದಲ್ಲಿ ಮಗಳು, ಆಕೆಯ ಪಕ್ಕ ನೆತ್ತರಕ್ಕ, ಎದುರು ಒಂಟಿ ಕುರ್ಚಿಯಲ್ಲಿ ಡೈರೆಕ್ಟರು. ಅಳಿಯ ಅವನನ್ನೂ ಹುಡುಕಿ ಕರೆತಂದಿದ್ದ. ಡೈರೆಕ್ಟರಿಗೆ ಎಪ್ಪತ್ತು ದಾಟಿದೆ, ಕಿವಿ ಮಂದ, ಜಂಬ ಮಾತ್ರ ಹಾಗೇ ಇದೆ.

"ಅತ್ತೆ, ಒಂದೇ ಒಂದು ತಪ್ಪು ಸಿಕ್ಕಿದ್ರೆ ಹೇಳಿ, ನನ್ನ ಹೆಸರು ಬದಲಾಯಿಸ್ಕೋತೀನಿ" ಅಂತ ಅಳಿಯ ಬಟನ್ನು ಒತ್ತಿದ.

'ಮೆಟ್ಟಿಲ ಕೆಳಗಿನವಳು' ಶುರುವಾಯಿತು. ಗೋಡೆಯ ಬಣ್ಣ ಅಷ್ಟು ಚೆನ್ನಾಗಿತ್ತೆಂದು ಆಕೆಗೆ ಗೊತ್ತೇ ಇರಲಿಲ್ಲ. ಬಾವಲಿ ಹಾರಿತು, ದಾರವಿಲ್ಲ. ಸ್ವಲ್ಪ ಕಸಿವಿಸಿಯಾಯಿತು. ಹೋಗಲಿ ಅಂದುಕೊಂಡಳು. ಹನ್ನೆರಡನೇ ನಿಮಿಷಕ್ಕೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಹುಡುಗಿ ದೀಪ ಹಿಡಿದು ಬಂದಳು, ತಿರುಗಿ ನೋಡಿದಳು, ಬಾಗಿಲು ಕಿರ್ರೆಂದು ತೆರೆಯಿತು.

ಬಾಗಿಲು ತೆರೆಯಿತು ಅಷ್ಟೇ. ಅಂಚಿನಲ್ಲಿ ಬರಿ ಮರವಿತ್ತು.

"ಹಿಂದಕ್ಕೆ ಹಾಕಿ" ಅಂದಳು. ಹಾಕಿದ. ಮತ್ತೆ ಮರ. "ಮುಂದಿನ ಸಿನಿಮಾ ಹಾಕಿ. ಬಾಗಿಲು ಬರೋ ಕಡೆ." ಅಳಿಯ ಖುಷಿಯಿಂದಲೇ ಹಾಕಿದ, ಅತ್ತೆಗೆ ಇಷ್ಟು ಆಸಕ್ತಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲೂ ಇಲ್ಲ.

ಡೈರೆಕ್ಟರು ತೊಡೆ ತಟ್ಟಿದ. "ಅರೆ, ಆ ಎಡವಟ್ಟಪ್ಪನ ಕೈ ಎಲ್ಲೂ ಇಲ್ಲ! ನೆತ್ತರಕ್ಕ, ಮೂವತ್ತು ವರ್ಷ ಆದ್ಮೇಲೆ ಈಗ ನನ್ನ ಸಿನಿಮಾ ಸಿನಿಮಾ ಥರ ಕಾಣ್ತಿದೆ ನೋಡು!"

"ನೀವು ಬಾಯಿ ಮುಚ್ಚಿ" ಅಂದಳು ನೆತ್ತರಕ್ಕ. ಕಿವಿ ಮಂದವಾದ್ದರಿಂದ ಅವನು ಹೌದು ಹೌದೆಂದು ತಲೆಯಾಡಿಸಿದ. ಆಕೆ ಅಳಿಯನ ಕಡೆ ತಿರುಗಿದಳು. "ಕೈ ಎಲ್ಲಿ?"

"ಯಾವ ಕೈ ಅತ್ತೆ?"

"ಬಾಗಿಲ ಹತ್ರ ಇರೋ ಕೈ."

"ಓ, ಅದಾ!" ಅಳಿಯನ ಮುಖ ಅರಳಿತು. "ಅದಕ್ಕೇ ಜಾಸ್ತಿ ಕಷ್ಟಪಟ್ಟಿದ್ದು. ಯಾರೋ ಲೈಟಿನವನಿರ್ಬೇಕು, ಸಿನಿಮಾಗೊಂದು ಸಲ ಕೈ ತೂರಿಸಿಬಿಟ್ಟಿದಾನೆ. ಒಂದೊಂದು ಫ್ರೇಮೂ ಕೂತು ಒರೆಸಿದೀನಿ. ಅಲ್ಲೊಂದು ಕೈ ಇತ್ತು ಅಂತ ಈಗ ದೇವರಿಗೂ ಗೊತ್ತಾಗಲ್ಲ."

"ಕ್ಯಾಸೆಟ್ಟು ಎಲ್ಲಿವೆ?"

"ಬೂಷ್ಟು ಹಿಡಿದಿತ್ತು ಅತ್ತೆ, ಒಂದು ಸಲ ಓಡಿಸೋದ್ರೊಳಗೆ ಟೇಪು ಪುಡಿಪುಡಿಯಾಗಿ ಉದುರ್ತಿತ್ತು. ಆಫೀಸಿನ ಹಳೇ ಸಾಮಾನಿನ ಜೊತೆ ಗುಜರಿಗೆ ಹೋಯ್ತು."

"ಒರೆಸೋಕೆ ಮುಂಚೆ ಕಂಪ್ಯೂಟರಿಗೆ ಹಾಕಿರ್ತೀರಲ್ಲ, ಅದು?"

"ತುಂಬಾ ಜಾಗ ಹಿಡಿಯುತ್ತೆ ಅಂತ..." ಅವನ ದನಿ ಸಣ್ಣಗಾಯಿತು. ಏನೋ ಆಗಿದೆ ಅನ್ನುವುದು ಅವನಿಗೂ ಈಗ ಹೊಳೆಯತೊಡಗಿತ್ತು. "ಅಳಿಸ್ದೆ."

ಆರು ವರ್ಷದಲ್ಲಿ ಆಕೆ ಅಳಿಯನಿಗೆ ಏಕವಚನ ಬಳಸಿದವಳಲ್ಲ. ಆವತ್ತು ಬಳಸಿದಳು.

"ಯಾರಯ್ಯ ಹೇಳಿದ್ದು ನಿನಗೆ ಒರೆಸು ಅಂತ? ಕಾಪಿ ಮಾಡ್ಕೊಡು ಅಂತ ತಾನೇ ಕೊಟ್ಟಿದ್ದು? ಅದು ಲೈಟಿನವನ ಕೈಯಲ್ಲ, ನಿನ್ನ ಮಾವನ ಕೈ! ನನ್ನ ಗಂಡನ ಕೈ! ಆ ಮನುಷ್ಯ ಇಡೀ ಪ್ರಪಂಚದಲ್ಲಿ ಅಲ್ಲಾಡ್ತಾ ಉಳಿದಿದ್ದು ಅಷ್ಟೇ ಜಾಗದಲ್ಲಿ. ಅಲ್ಲಿಗೂ ಹೋಗಿ ಒರೆಸಿ ಬಂದ್ಯಲ್ಲ, ನಿನಗೆ ಮಾಡೋಕೆ ಬೇರೆ ಕೆಲಸ ಇರ್ಲಿಲ್ವಾ?"

ಅಳಿಯ ಬಿಳಿಚಿಕೊಂಡ. ಮಾವನನ್ನು ಅವನು ನೋಡಿದ್ದು ಲಾಂಡ್ರಿಯ ಮೇಜಿನ ಹಿಂದೆ, ಎರಡೇ ವರ್ಷ. ಆತ ಬಾಗಿಲಿನವನಾಗಿದ್ದನೆಂದು ಈ ಮನೆಯಲ್ಲಿ ಒಬ್ಬರೂ ಅವನಿಗೆ ಹೇಳಿರಲಿಲ್ಲ. ಅದು ಅವನ ತಪ್ಪೇ? ಅಲ್ಲ. ಆದರೆ ಸಿಟ್ಟು ನೆತ್ತಿಗೇರಿದ ಮೇಲೆ ನ್ಯಾಯ ಯಾರಿಗೆ ಬೇಕು? ಆಕೆ ಮಗಳ ಕಡೆ ನೋಡಿದಳು. ಮಗಳಾದರೂ ತನ್ನ ಪರವಾಗಿ ಒಂದು ಮಾತು ಆಡಲಿ, ಗಂಡನಿಗೆ ಎರಡು ಮಾತು ಬೈಯಲಿ. ಮಗಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಂತು. ಎಷ್ಟು ಹೊತ್ತಾದರೂ ಅದು ನಿಲ್ಲಲಿಲ್ಲ.

ಸರಿ, ಅಲ್ಲಿಗೆ ಮುಗಿಯಿತು ಅಂದುಕೊಂಡು ನೆತ್ತರಕ್ಕ ಚೀಲ ಎತ್ತಿಕೊಂಡು, ಕೇಕನ್ನೂ ಮುಟ್ಟದೆ, ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಬೈದುಕೊಂಡೇ ಬಂದಳು. ಅಳಿಯನನ್ನು ಬೈದಳು, ಡೈರೆಕ್ಟರನನ್ನು ಬೈದಳು, ನಲ್ಲಿ ಬಿಟ್ಟುಕೊಂಡು ನಿಂತ ಮಗಳನ್ನು ಬೈದಳು. ಪಕ್ಕ ಕೂತಿದ್ದ ಹೆಂಗಸು ಎರಡು ನಿಲ್ದಾಣ ಸಹಿಸಿ, ಬೇರೆ ಸೀಟಿಗೆ ಹೋದಳು. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಉಳಿದವಳು ಒಬ್ಬಳೇ, ತಾನು. ಅಲ್ಲಿಗೆ ಬಂದಾಗ ಬೈಗುಳಕ್ಕೆ ಮಾತು ಸಿಗಲಿಲ್ಲ.

ಯಾಕೆಂದರೆ ಆ ಎಂಟನೇ ಸಿನಿಮಾ ನೆನಪಾಯಿತು. ಅದರಲ್ಲಿ ಒಂದು ದೊಡ್ಡ ದೃಶ್ಯವಿತ್ತು. ಹೊಸದಾಗಿ ಬಿಳಿ ಬಳಿದ ಗೋಡೆ, ಅದರ ಮೇಲೆ ಚಾವಣಿಯಿಂದ ಒಂದು ಬಕೆಟ್ಟು ನೆತ್ತರು ಇಳಿಯಬೇಕು, ಬಾಗಿಲು ತೆರೆಯಬೇಕು, ದೆವ್ವ ನಿಂತಿರಬೇಕು. ಮೂರು ದಿನ ಕೂತು ಕುದಿಸಿದ ನೆತ್ತರು. ಇರುವುದು ಒಂದೇ ಬಕೆಟ್ಟು, ಒಂದೇ ಗೋಡೆ, ಒಂದೇ ಅವಕಾಶ. ಬೆಳಗಿನಿಂದ ಗಂಡನಿಗೆ ಹತ್ತು ಸಲ ಹೇಳಿದ್ದಳು: ಇವತ್ತೊಂದು ದಿನ ಕೈ ಒಳಗಿಟ್ಕೊಳ್ಳಿ. ಆತ ಆಯ್ತೆಂದಿದ್ದ. ನೆತ್ತರು ಇಳಿಯಿತು, ಎಷ್ಟು ಚೆನ್ನಾಗಿ ಇಳಿಯಿತೆಂದರೆ ದೆವ್ವದ ವೇಷದವಳೇ ಹೆದರಿದಳು. ಬಾಗಿಲು ತೆರೆಯಿತು. ಸಂದಿಯಲ್ಲಿ ಬೆರಳು.

ಡೈರೆಕ್ಟರು ಟೋಪಿ ತೆಗೆದು ನೆಲಕ್ಕೆ ಬಡಿದ. "ಏನ್ಮಾಡ್ಲಿ ನೆತ್ತರಕ್ಕ ಇವನನ್ನ? ನೀನೇ ಹೇಳು" ಅಂದ. ಎಲ್ಲರ ಎದುರಿಗೆ ಆಕೆ ಹೇಳಿದಳು: "ಮನೆಗೆ ಕಳಿಸಿ. ಇವರ ಕೈಲಿ ಇಷ್ಟೂ ಆಗಲ್ಲ ಅಂದ್ರೆ ಹೋಗಿ ಇಸ್ತ್ರಿ ಹಾಕ್ಲಿ."

ಆತ ಪ್ಯಾಂಟಿಗೆ ಕೈ ಒರೆಸಿಕೊಂಡು ರಸ್ತೆ ದಾಟಿ ಲಾಂಡ್ರಿಗೆ ಹೋದ. ನೆತ್ತರು ಇನ್ನಿರಲಿಲ್ಲವಾದ್ದರಿಂದ ಆ ದೃಶ್ಯವನ್ನು ಬೆರಳಿನ ಸಮೇತ ಹಾಗೇ ಇಟ್ಟುಕೊಂಡರು. ಆಮೇಲಿನ ನಾಲ್ಕು ಸಿನಿಮಾಗಳಲ್ಲಿ ಬಾಗಿಲು ತೆರೆದವನು ಬೇರೆ. ಕೈ ಕಾಣಲಿಲ್ಲ. ಗಂಡ ಸಾಯುವವರೆಗೂ ಆ ದಿನದ ಮಾತೆತ್ತಲಿಲ್ಲ, ಆಕೆಯೂ ಎತ್ತಲಿಲ್ಲ.

ಸಂಜೆ ಮಗಳ ಫೋನು ಬಂತು. "ಅಮ್ಮ, ಇವರ ಹತ್ರ ಏನೋ ಒಂಚೂರು ಉಳಿದಿದೆಯಂತೆ. ನಾಳೆ ಬೆಳಿಗ್ಗೆ ಇವರ ಆಫೀಸಿಗೆ ಬಾ. ನಾನೂ ಬರ್ತೀನಿ." ಅಷ್ಟೇ ಹೇಳಿ ಇಟ್ಟಳು.

ಸೋಮವಾರ ಅಂದರೆ ಲಾಂಡ್ರಿಗೆ ರಾಶಿ ಬಟ್ಟೆ ಬರುವ ದಿನ. ಆಕೆ ಷಟರನ್ನೇ ಎತ್ತಲಿಲ್ಲ. ಆಫೀಸಿನ ಗೇಟಿನ ಹತ್ತಿರ ಮಗಳು ಕೆಲಸಕ್ಕೆ ರಜೆ ಹಾಕಿ ಕಾಯುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ಅದನ್ನು ನೋಡಿದರೂ ತಾಯಿಯ ಸಿಟ್ಟು ಇಳಿಯಲಿಲ್ಲ.

"ನಿನ್ನೆ ನಲ್ಲಿ ಬಿಟ್ಕೊಂಡು ನಿಂತವಳು ಇವತ್ತು ಯಾಕೆ ಬಂದೆ?" ಅಂದಳು ಮೆಟ್ಟಿಲು ಹತ್ತುತ್ತ. "ನಿನಗೇನಾಗ್ಬೇಕು ಅದ್ರಿಂದ? ಅಪ್ಪ ಅಮ್ಮ ಮಾಡಿದ ಸಿನಿಮಾ ಅಂದ್ರೆ ನಾಚಿಕೆ ನಿನಗೆ. ಹತ್ತು ವರ್ಷಕ್ಕೇ ನೋಡೋದು ಬಿಟ್ಟವಳು."

ಮಗಳು ಎರಡನೇ ಮಹಡಿಯ ತಿರುವಿನಲ್ಲಿ ನಿಂತಳು. "ಬಿಟ್ಟೆ, ಹೌದು. ಯಾಕೆ ಬಿಟ್ಟೆ ಅಂತ ಯಾವತ್ತಾದ್ರೂ ಕೇಳಿದೀಯಾ?"

ತಾಯಿ ಕಂಬಿ ಹಿಡಿದು ಮುಂದಿನ ಮೆಟ್ಟಿಲು ಹತ್ತಿದಳು. ಕೇಳಿರಲಿಲ್ಲ, ಅದು ನಿಜ.

ಮೂರನೇ ಮಹಡಿಯ ಕೋಣೆ ತಣ್ಣಗಿತ್ತು. ಕಿವಿಗೆ ಹೆಡ್‌ಫೋನು ಹಾಕಿಕೊಂಡ ಏಳೆಂಟು ಜನ ಪರದೆಗಳ ಮುಂದೆ ತಲೆ ತಗ್ಗಿಸಿ ಕೂತಿದ್ದರು. ಅಳಿಯ ತನ್ನ ಕುರ್ಚಿ ಬಿಟ್ಟೆದ್ದು ಅತ್ತೆಗೆ ಕೊಟ್ಟ. ಅವನೂ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಅತ್ತೆ, ಇದನ್ನ ನಾನು ಮ್ಯಾನೇಜರಿಗೆ ತೋರಿಸೋಕೆ ಮಾಡಿದ್ದು. ಏನೇನು ತಪ್ಪು ತೆಗೆದೆ ಅಂತ. ಮೊದಲಿನ ಕಾಪಿ ಎಲ್ಲ ಹೋಯ್ತು, ತೆಗೆದ ತಪ್ಪುಗಳು ಮಾತ್ರ ಇದ್ರಲ್ಲಿವೆ. ಅದರ ಮೇಲೆ..." ತಡವರಿಸಿದ. "ಗುರುತು ಹಾಕಿದೀನಿ. ನೋಡಿ ಬೇಜಾರು ಮಾಡ್ಕೋಬೇಡಿ."

"ಹಾಕಯ್ಯ ಸುಮ್ನೆ."

ಮೊದಲು ದಾರಗಳು ಬಂದವು. ಒಂದೊಂದಕ್ಕೂ ಕೆಂಪು ಬಳೆಯಷ್ಟು ದೊಡ್ಡ ಸುತ್ತು, ಕೆಳಗೆ ಅಕ್ಷರ: ದೋಷ ೧, ದೋಷ ೨. ಆಮೇಲೆ ಮೈಕಿನ ನೆರಳು. ಜಾರಿದ ಚೌರಿ ಕೂದಲು. ದೆವ್ವದ ಗಡಿಯಾರ. ಲಾಂಡ್ರಿ ಗುರುತು. ಹನ್ನೆರಡು ಸಿನಿಮಾಗಳ ಅಷ್ಟೂ ಸುಖವನ್ನು ಯಾರೋ ಅಪರಾಧಿಗಳ ಹಾಗೆ ಸಾಲಾಗಿ ನಿಲ್ಲಿಸಿದ್ದರು.

ಆಮೇಲೆ ಪರದೆಯ ಮೇಲೆ ಒಂದೇ ಪದ ಬಂತು: ಕೈ.

ದೋಷ ೧೦೪. ಮೆಟ್ಟಿಲ ಕೆಳಗಿನ ಬಾಗಿಲು. ಅಳಿಯ ಅದನ್ನು ನಿಧಾನ ಮಾಡಿ ಮೂರು ಸಲ ಬರುವ ಹಾಗೆ ಇಟ್ಟಿದ್ದ. ಬಾಗಿಲ ಅಂಚಿನಿಂದ ಇಡೀ ಅಂಗೈ ಹೊರಗೆ ಬಂತು. ಹೆಬ್ಬೆರಳ ಬುಡದಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಗೆರೆಯಿಲ್ಲದೆ, ನಡುಕವಿಲ್ಲದೆ ಕಂಡ ಕೈ. ನಾಲ್ಕು ಬೆರಳು ಮಡಚಿಕೊಂಡವು, ತೆರೆದವು. ಮಡಚಿಕೊಂಡವು, ತೆರೆದವು.

"ಬಂದ" ಅಂದಳು ಕುರ್ಚಿಯ ಹಿಂದೆ ನಿಂತಿದ್ದ ಮಗಳು. ಅವಳ ದನಿ ಆರು ವರ್ಷದವಳ ದನಿಯಾಗಿತ್ತು.

ನೆತ್ತರಕ್ಕ ತಿರುಗಲಿಲ್ಲ. ಬಾಗಿಲು ನೂಕುವ ಕೈ ಬೆರಳು ಮಡಚಿ ತೆರೆಯುವುದಿಲ್ಲ. ಇದು ಟಾಟಾ ಮಾಡುವ ಕೈ. ಭಾನುವಾರಗಳಲ್ಲಿ ಆಕೆ ಅದನ್ನು ನಿಲ್ಲಿಸಿಟ್ಟುಕೊಂಡೇ ನೋಡಿದ್ದು, ಓಡಲು ಬಿಟ್ಟು ನೋಡಿರಲೇ ಇಲ್ಲ.

ದೋಷ ೧೦೫. ಮಣಿಕಟ್ಟಿನಲ್ಲಿ ಕೆಂಪು. ಅದು ನೆತ್ತರಲ್ಲ. ಕೂದಲಿಗೆ ಹಾಕುವ ಕೆಂಪು ರಬ್ಬರ್ ಬ್ಯಾಂಡು, ಅದರಲ್ಲಿ ಎರಡು ಬಿಳಿ ಮಣಿ. ಮಗಳ ಎರಡು ಜಡೆಗೆ ಎರಡಿದ್ದವು. ಒಂದು ಕಳೆದುಹೋಯಿತೆಂದು ಆಕೆ ಮಗಳಿಗೆ ಹೊಡೆದದ್ದು ಈಗ ನೆನಪಾಯಿತು.

"ಇದು..." ಅಂದಳು.

"ನಾನೇ ಕೊಟ್ಟಿದ್ದು" ಅಂದಳು ಮಗಳು. "ಮೊದಲನೇ ಕ್ಯಾಸೆಟ್ಟು ಮನೆಗೆ ತಂದಾಗ ನಾನು ಹೆದರಿ ಮೂರು ದಿನ ಜ್ವರ ಹಿಡಿದು ಮಲಗಿದ್ನಲ್ಲ, ನೆನಪಿದ್ಯಾ? ನೀನು ಮಾತ್ರೆ ಕೊಟ್ಟೆ. ಅಪ್ಪ ಬಂದು ಅದೇ ಕ್ಯಾಸೆಟ್ಟು ಹಾಕಿ ಬಾಗಿಲ ಹತ್ರ ಬೆರಳಿಟ್ಟು ತೋರಿಸ್ದ. ನೋಡು, ಇಲ್ಲಿ ನನ್ನ ಕೈ ಇದೆ, ನಿನಗೇ ಟಾಟಾ ಮಾಡಿದ್ದು. ಕೈ ಇದ್ರೆ ಅಲ್ಲಿ ದೆವ್ವ ಇಲ್ಲ, ನಾನಿದೀನಿ ಅಂತ ಅರ್ಥ. ಇನ್ಮೇಲೂ ಜಾಸ್ತಿ ಹೆದರಿಕೆ ಆಗೋ ಕಡೆ ನಾನು ಕೈ ಆಡಿಸ್ತೀನಿ, ಹುಡುಕು ಅಂದ. ಬೇರೆ ಯಾರದ್ದೋ ಕೈ ಆಗಿದ್ರೆ ಅಂತ ಕೇಳ್ದೆ. ಹಾಗಾದ್ರೆ ಗುರುತಿಗೆ ಏನಾದ್ರೂ ಕೊಡು ಅಂದ."

ಪರದೆಯ ಮೇಲೆ ಕೈಗಳು ಬರುತ್ತಲೇ ಇದ್ದವು. ೧೦೬. ೧೦೭. ಒಂದೊಂದರಲ್ಲೂ ಬೆರಳು ಎರಡು ಸಲ ಮಡಚಿ ತೆರೆಯುತ್ತಿದ್ದವು. ಸಾಲಾಗಿ ನೋಡಿದಾಗ ಇನ್ನೊಂದು ಕಾಣಿಸಿತು. ಕೈ ಸಿನಿಮಾದಿಂದ ಸಿನಿಮಾಕ್ಕೆ ಸಣ್ಣದಾಗುತ್ತ ಹೋಗಿತ್ತು. ಮೊದಲು ಇಡೀ ಅಂಗೈ. ಆಮೇಲೆ ಅರ್ಧ. ಆಮೇಲೆ ಬೆರಳಷ್ಟೇ. ಬೈಗುಳ ಜಾಸ್ತಿಯಾದಷ್ಟೂ ಆತ ಕೈಯನ್ನು ಒಳಗೆಳೆದುಕೊಂಡಿದ್ದ. ಬೈದದ್ದು ಯಾರೆಂದು ಆಕೆಗೆ ಹೇಳುವವರು ಬೇಕಾಗಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?" ಸಿಟ್ಟು ಒಮ್ಮೆಲೇ ಮೇಲೆ ಬಂತು, ಆಫೀಸಿನವರೆಲ್ಲ ತಲೆಯೆತ್ತಿ ನೋಡುವಷ್ಟು. "ಅಪ್ಪ ಮಗಳು ಸೇರಿ ನನ್ನನ್ನ ಏನಂತ ಅಂದ್ಕೊಂಡಿದ್ರಿ? ಊರ ಮುಂದೆ ಅವರನ್ನ ಎಡವಟ್ಟಪ್ಪ ಅಂತ ಕರೆದೆನಲ್ಲ, ಮನೆಗೆ ಕಳಿಸಿ ಅಂದೆನಲ್ಲ, ಆವಾಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಅಪ್ಪ ಬೇಡ ಅಂದಿದ್ದ."

"ಯಾಕೆ?"

ಮಗಳು ಹೇಳಲೋ ಬೇಡವೋ ಎಂದು ಗಂಡನ ಮುಖ ನೋಡಿದಳು. ಆಮೇಲೆ ಹೇಳಿದಳು. "ಅಮ್ಮಂಗೆ ಹೇಳ್ಬೇಡ, ಅವಳು ಕೆಲಸದಲ್ಲಿ ತುಂಬಾ ಕಟ್ಟುನಿಟ್ಟು, ಗೊತ್ತಾದ್ರೆ ಒರೆಸಿ ಹಾಕಿಬಿಡ್ತಾಳೆ ಅಂದಿದ್ದ."

ಅಳಿಯ ನೆಲ ನೋಡುತ್ತಿದ್ದ. ನಿನ್ನೆಯಿಂದ ಅವನ ತಲೆಮೇಲೆ ಸುರಿದ ಅಷ್ಟೂ ಮಾತು ತನಗೇ ವಾಪಸ್ಸು ಬಂದು ತಟ್ಟಿದ ಹಾಗಾಯಿತು ಆಕೆಗೆ. ಹೌದು, ಒರೆಸಿಹಾಕುತ್ತಿದ್ದಳು. ಗೊತ್ತಾಗಿದ್ದರೆ ಎರಡನೇ ಸಿನಿಮಾದಲ್ಲೇ ಒರೆಸುತ್ತಿದ್ದಳು. ಮಗುವಿನ ಹೆದರಿಕೆಗೆ ಮಾತ್ರೆ ಇದೆ, ದೃಶ್ಯ ಕೆಟ್ಟರೆ ಏನಿದೆ ಅನ್ನುತ್ತಿದ್ದಳು.

"ಎಂಟನೇದಾದ್ಮೇಲೆ ಕೈ ಬರ್ಲಿಲ್ಲ" ಅಂದಳು ಮಗಳು. "ಒಂಬತ್ತನೇದ್ರಲ್ಲಿ ಕೊನೇವರೆಗೂ ಹುಡುಕ್ದೆ. ಆಮೇಲೆ ನೋಡೋ ಧೈರ್ಯ ಆಗ್ಲಿಲ್ಲ."

ದೋಷ ೧೧೧ ಬಂತು. ಬಿಳಿ ಗೋಡೆ, ಅದರ ಮೇಲಿಂದ ಇಳಿಯುತ್ತಿದ್ದ ಆಕೆಯ ಮೂರು ದಿನದ ನೆತ್ತರು. ನಿಜಕ್ಕೂ ಚೆನ್ನಾಗಿ ಇಳಿದಿತ್ತು. ಆದರೆ ಯಾರೂ ಅದನ್ನು ನೋಡಲಿಲ್ಲ. ಬಾಗಿಲು ತೆರೆಯಿತು. ಅಂಚಿನಲ್ಲಿ ಮೂರು ಬೆರಳ ತುದಿ, ಉಗುರಿಗಿಂತ ತುಸು ಜಾಸ್ತಿ. ಹೆಂಡತಿ ಹತ್ತು ಸಲ ಹೇಳಿದ್ದಳಲ್ಲ, ಅಷ್ಟಕ್ಕೇ ನಿಲ್ಲಿಸಿದ್ದ. ಅಷ್ಟು ಒಳಗಿದ್ದರೆ ಮಣಿಕಟ್ಟು ಕಾಣುವುದಿಲ್ಲ. ಅದಕ್ಕೇ ಆವತ್ತು ರಬ್ಬರ್ ಬ್ಯಾಂಡನ್ನು ಬೆರಳುಗಳಿಗೆ ಸುತ್ತಿಕೊಂಡಿದ್ದ. ಕೆಂಪು, ಎರಡು ಬಿಳಿ ಮಣಿ. ಬೆರಳ ತುದಿಗಳು ಎರಡು ಸಲ ಬಾಗಿದವು.

"ಅತ್ತೆ," ಅಂದ ಅಳಿಯ, "ಆ ಕೆಂಪು ಸುತ್ತೂ ದೋಷ ಅನ್ನೋ ಅಕ್ಷರವೂ ಚಿತ್ರದ ಜೊತೆಗೇ ಸೇರಿಹೋಗಿವೆ. ಆದ್ರೂ ನಾನು ಕೂತು ಒಂದೊಂದಾಗಿ ಒರೆಸ್ತೀನಿ. ಎಷ್ಟು ತಿಂಗಳಾದ್ರೂ ಪರವಾಗಿಲ್ಲ."

"ಮುಟ್ಟಿದ್ರೆ ಕೈ ಮುರಿತೀನಿ" ಅಂದಳು ನೆತ್ತರಕ್ಕ. "ಈ ಮನೇಲಿ ಯಾರೂ ಇನ್ನು ಏನನ್ನೂ ಒರೆಸೋದು ಬೇಡ. ಮತ್ತೆ ಹಾಕು."

ಅವನು ಮತ್ತೆ ಹಾಕಿದ. ಮಗಳು ಒಂದು ಸ್ಟೂಲು ಎಳೆದುಕೊಂಡು ತಾಯಿಯ ಪಕ್ಕ ಕೂತಳು. ಇಡೀ ಅಂಗೈ ಬಂತು, ಅರ್ಧ ಬಂತು, ಬೆರಳು ಬಂದವು. ಪ್ರತಿ ಸಲವೂ ಮಗಳು ಪರದೆಯ ಕಡೆಗೆ ತನ್ನ ನಾಲ್ಕು ಬೆರಳು ಮಡಚಿ ತೆರೆದಳು. ಕೊನೆಯದು ಬಂದಾಗ ನೆತ್ತರಕ್ಕ ಮುಂದಕ್ಕೆ ಬಾಗಿ, ಮೂವತ್ತು ವರ್ಷದ ಹಿಂದೆ ಆ ಮನೆಯಲ್ಲಿ ಎಲ್ಲರ ಎದುರಿಗೆ ಗದರಿದ ಅದೇ ದನಿಯಲ್ಲಿ ಗದರಿದಳು.

"ಇನ್ನೊಂಚೂರು ಹೊರಗೆ ಚಾಚಬಾರ್ದಿತ್ತೇನ್ರೀ?"